ಜೇನುನೊಣ ಹಾರುವುದು ಹೇಗೆ, ಕೆಲವೊಮ್ಮೆ ಹಾರಲಾಗದಿರುವುದು ಏಕೆ?

ಹೊಸಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇವೆ. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ, ಬಲ್ಲವರೇ ಹೇಳಬೇಕು.

‘ವಿಜ್ಞಾನದ ಲೆಕ್ಕದಲ್ಲಿ ಜೇನುನೊಣ ಹಾರುವುದು ಸಾಧ್ಯವೇ ಇಲ್ಲ, ಆ ವಿಷಯ ನೊಣಕ್ಕೆ ಗೊತ್ತಿಲ್ಲ, ಅದಕ್ಕೇ ಹಾರುತ್ತದೆ’ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ, ಶಾಲೆಯ ಭಾಷಣಗಳಲ್ಲಿ ತಿರುಗುತ್ತಲೇ ಇದೆ. ಮಕ್ಕಳಿಗೆ ಇದನ್ನು ಹೇಳಬಹುದೆ? ಎರಡನೆಯದು, ಜೇನುಪೆಟ್ಟಿಗೆಯ ಮುಂದೆ ಕೆಲವು ನೊಣ ಹಾರಲಾಗದೆ ನೆಲದ ಮೇಲೆ ತೆವಳುತ್ತವಲ್ಲ, ರೆಕ್ಕೆ ಇದ್ದೂ ಹಾರದಿರಲು ಏನೇನು ಕಾರಣ?

ವಾಯುಲೆಕ್ಕ

ಸಂಬಂಧ ಇದೆ, ಚೆನ್ನಾಗಿಯೇ ಇದೆ. ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ, ಎರಡನೆಯದನ್ನು ಜೇನು ಸಾಕುವವರು ಹೇಳಲಿ.

ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಈ ಮಾತಿನ ಬೇರು 1934ರದ್ದು. ಫ್ರಾನ್ಸಿನ ಆಂತ್ವಾನ್ ಮಾನ್ಯಾಂ ಎಂಬ ವಿಜ್ಞಾನಿ ಕೀಟಗಳ ಹಾರಾಟದ ಬಗ್ಗೆ ಬರೆಯುತ್ತಾ, ಗಣಿತಜ್ಞ ಸೇಂಟ್ ಲಾಗ್ಯೂ ಅವರ ನೆರವಿನಿಂದ ವಿಮಾನದ ರೆಕ್ಕೆಯ ನಿಯಮವನ್ನು ಕೀಟಕ್ಕೆ ಹಚ್ಚಿ ನೋಡಿದರು. ಲೆಕ್ಕ ಹೊಂದಲಿಲ್ಲ. ಹೊಂದಲಿಲ್ಲ ಅಂದರೆ ನಿಯಮವನ್ನು ಹಚ್ಚಿದ ರೀತಿ ಸರಿಯಲ್ಲ ಎಂದಷ್ಟೇ ಅರ್ಥ. ಚಾಚಿಟ್ಟ ರೆಕ್ಕೆಗೂ ಬೀಸುವ ರೆಕ್ಕೆಗೂ ಇರುವ ವ್ಯತ್ಯಾಸವನ್ನು ಆ ಲೆಕ್ಕ ಹಿಡಿದಿರಲಿಲ್ಲ. ಇನ್ನೊಂದು, ಯುರೋಪಿನಲ್ಲಿ ಈ ಕತೆ ಹರಡಿದ್ದು ಬಂಬಲ್‌ಬೀ ಹೆಸರಲ್ಲಿ. ಅದು ನಮ್ಮಲ್ಲಿ ಹಿಮಾಲಯದ ಕಡೆ ಸಿಗುವ, ಮೈತುಂಬ ರೋಮವಿರುವ ದಪ್ಪ ಜೇನು. ಕನ್ನಡಕ್ಕೆ ಬರುವಾಗ ಅದು ಒಮ್ಮೆ ‘ದುಂಬಿ’ ಆಯಿತು, ಒಮ್ಮೆ ‘ಜೇನುನೊಣ’ ಆಯಿತು. ನಮ್ಮ ಊರಿನ ದುಂಬಿ ಮರ ಕೊರೆಯುವ ಬೇರೆಯೇ ಜೀವಿ.

ಈಗ ಲೆಕ್ಕವನ್ನೇ ಮಾಡೋಣ, ಹೈಸ್ಕೂಲು ಗಣಿತ ಸಾಕು. ಮೆಲ್ಲಿಫೆರಾ, ಅಂದರೆ ಯುರೋಪಿಯನ್ ಜೇನಿನ ದುಡಿಯುವ ನೊಣ ತೆಗೆದುಕೊಳ್ಳಿ. ತೂಕ ಸುಮಾರು 100 ಮಿಲಿಗ್ರಾಂ. ಅದನ್ನು ಎತ್ತಿ ಹಿಡಿಯಲು ಸುಮಾರು 0.98 ಮಿಲಿನ್ಯೂಟನ್ ಬಲ ಬೇಕು. ನಾಲ್ಕೂ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 60 ಚದರ ಮಿ.ಮೀ.

ರೆಕ್ಕೆ ಚಾಚಿ ಸುಮ್ಮನೆ ತೇಲುವುದಾದರೆ? ಹೂವಿನ ಮುಂದೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುವಾಗ ಆ ವಿಸ್ತೀರ್ಣಕ್ಕೆ ಸಿಗುವುದು ಸುಮಾರು 0.036 ಮಿಲಿನ್ಯೂಟನ್. ತೂಕದ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ನಿಂತಲ್ಲೇ ನಿಲ್ಲುವಾಗಂತೂ ಸೊನ್ನೆ.

ಬೀಸುವ ರೆಕ್ಕೆಯ ಲೆಕ್ಕ ಬೇರೆ. ಬುಡದಿಂದ ತುದಿಗೆ ಸುಮಾರು 9.7 ಮಿ.ಮೀ. ಅದು ಸುಮಾರು 90 ಡಿಗ್ರಿ ಬೀಸುತ್ತದೆ, ಸೆಕೆಂಡಿಗೆ ಸುಮಾರು 230 ಸಲ. ಒಮ್ಮೆ ಹೋಗಿ ಬರುವಾಗ ತುದಿ 30 ಮಿ.ಮೀ. ಕ್ರಮಿಸುತ್ತದೆ, ಅಂದರೆ ತುದಿಯ ಸರಾಸರಿ ವೇಗ ಸೆಕೆಂಡಿಗೆ 7 ಮೀಟರ್. ಬಲದ ಲೆಕ್ಕಕ್ಕೆ ತುದಿ ಬೇಡ, ಉದ್ದದ ಶೇ. 55ರಷ್ಟು ದೂರದ ಜಾಗ ಹಿಡಿಯಬೇಕು, ಅಲ್ಲಿ 3.86 ಮೀಟರ್. ರೆಕ್ಕೆ ಎರಡೂ ಕೊನೆಗಳಲ್ಲಿ ನಿಂತು ನಡುವೆ ಓಡುವುದರಿಂದ ವೇಗದ ವರ್ಗವನ್ನು ಇನ್ನೂ 1.23ರಿಂದ ಗುಣಿಸಬೇಕು. ಗಾಳಿಯ ಸಾಂದ್ರತೆಯ ಅರ್ಧ, ಅಂದರೆ 0.6, ಮತ್ತು ವಿಸ್ತೀರ್ಣ ಸೇರಿಸಿದರೆ 0.66 ಮಿಲಿನ್ಯೂಟನ್. ಬೇಕಾದದ್ದು 0.98. ಅಂದರೆ ಎತ್ತುಬಲದ ಗುಣಾಂಕ, ಎಂದರೆ ರೆಕ್ಕೆ ಗಾಳಿಯಿಂದ ಎಷ್ಟು ಚೆನ್ನಾಗಿ ಎತ್ತುಬಲ ಪಡೆಯುತ್ತದೆ ಎಂಬ ಸಂಖ್ಯೆ, ಸುಮಾರು 1.5 ಇದ್ದರೆ ನೊಣ ನಿಂತಲ್ಲೇ ತೇಲುತ್ತದೆ.

ಅಸಾಧ್ಯವೇನೂ ಅಲ್ಲ, ನೋಡಿ. ಆದರೆ ಈ ಗಾತ್ರದ, ಈ ವೇಗದ ಚಪ್ಪಟೆ ರೆಕ್ಕೆಯನ್ನು ಸ್ಥಿರವಾದ ಗಾಳಿಯಲ್ಲಿ ಹಿಡಿದರೆ 1 ದಾಟುವುದೇ ಕಷ್ಟ. ಆ ಉಳಿದ ಅರ್ಧ ಎಲ್ಲಿಂದ ಬಂತು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗಲು 1990ರ ದಶಕ ಬರಬೇಕಾಯಿತು.

ಹೊಸಪೆಟ್ಟಿಗೆ

ವಾಯುಲೆಕ್ಕ ಸರ್, ಲೆಕ್ಕ ಅರ್ಥವಾಯಿತು. ಆ ಉಳಿದ ಅರ್ಧ ಎಲ್ಲಿಂದ ಅಂತಲೂ ಬಿಡಿಸಿ ಹೇಳಿಬಿಡಿ.

ವಾಯುಲೆಕ್ಕ

ಸುಳಿಯಿಂದ. ಊಟದ ತಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿಸಿ ಓರೆಯಾಗಿ ಎಳೆದರೆ ಅಂಚಿನ ಹಿಂದೆ ಒಂದು ಸುಳಿ ಏಳುತ್ತದಲ್ಲ, ಅಂಥದ್ದು. ನೊಣದ ರೆಕ್ಕೆ ಗಾಳಿಯನ್ನು ಬಹಳ ಓರೆಯಾಗಿ ಸೀಳುತ್ತದೆ. ವಿಮಾನದ ರೆಕ್ಕೆಯನ್ನು ಅಷ್ಟು ಓರೆ ಮಾಡಿದರೆ ಮೇಲಿನ ಗಾಳಿ ಕಿತ್ತುಹೋಗಿ ವಿಮಾನ ಕುಸಿಯುತ್ತದೆ. ನೊಣದಲ್ಲೂ ಗಾಳಿ ಮುಂದಿನ ಅಂಚಿನಲ್ಲಿ ಕಿತ್ತುಹೋಗುತ್ತದೆ, ಆದರೆ ಹಾರಿಹೋಗದೆ ಅಲ್ಲೇ ಸುರುಳಿ ಸುತ್ತಿಕೊಂಡು ರೆಕ್ಕೆಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ಸುಳಿಯ ನಡುವೆ ಒತ್ತಡ ಕಡಿಮೆ, ಅದು ರೆಕ್ಕೆಯನ್ನು ಮೇಲಕ್ಕೆ ಹೀರುತ್ತದೆ. ಸುಳಿ ಕಳಚಿಕೊಳ್ಳುವ ಹೊತ್ತಿಗೆ ಬೀಸು ಮುಗಿದಿರುತ್ತದೆ. ಅರ್ಧ ಬೀಸಿಗೆ ಸಿಗುವ ಸಮಯ ಬರೀ 2.2 ಮಿಲಿಸೆಕೆಂಡು. ರೆಕ್ಕೆ ಮಗುಚಿ, ಅದೇ ಮುಂದಿನ ಅಂಚನ್ನು ಮುಂದಿಟ್ಟುಕೊಂಡು ವಾಪಸು ಬರುತ್ತದೆ, ಹೊಸ ಸುಳಿ ಕಟ್ಟುತ್ತದೆ. ಹಾಗಾಗಿ ಹೋಗುವಾಗಲೂ ಎತ್ತುಬಲ, ಬರುವಾಗಲೂ ಎತ್ತುಬಲ. ‘ರೆಕ್ಕೆ ಕೆಳಗೆ ಬಡಿದರೆ ನೊಣ ಮೇಲೆ ಹೋಗುತ್ತದೆ’ ಎಂದು ಚಿತ್ರ ಬಿಡಿಸುತ್ತಾರೆ, ಅದು ತಪ್ಪು. ತೇಲಿ ನಿಂತಾಗ ಬೀಸು ಹೆಚ್ಚು ಕಡಿಮೆ ನೆಲಕ್ಕೆ ಸಮಾನಾಂತರ, ಹಿಂದಕ್ಕೆ ಮುಂದಕ್ಕೆ, ದೋಣಿಯವನು ಹಿಂದೆ ಕೂತು ಹುಟ್ಟನ್ನು ಎಡಬಲ ಆಡಿಸಿದ ಹಾಗೆ.

ಈ ಸುಳಿಯನ್ನು 1996ರಲ್ಲಿ ಕೇಂಬ್ರಿಜ್‌ನ ಚಾರ್ಲ್ಸ್ ಎಲಿಂಗ್ಟನ್ ತಂಡ ದೊಡ್ಡ ಪತಂಗವೊಂದರ ರೆಕ್ಕೆಯ ಮೇಲೆ ಹೊಗೆ ಹರಿಸಿ ತೋರಿಸಿತು. 1999ರಲ್ಲಿ ಮೈಕಲ್ ಡಿಕಿನ್‌ಸನ್, ಫ್ರಿಟ್ಜ್ ಓಲಾಫ್ ಲೀಮನ್ ಮತ್ತು ಸಂಜಯ್ ಸಾಣೆ ಎಣ್ಣೆಯ ತೊಟ್ಟಿಯಲ್ಲಿ ದೊಡ್ಡ ಗಾತ್ರದ ಯಂತ್ರ ರೆಕ್ಕೆಗಳನ್ನು ನಿಧಾನವಾಗಿ ಬೀಸಿಸಿ, ಮಗುಚುವ ಕ್ಷಣದಲ್ಲೂ ಬಲ ಹುಟ್ಟುತ್ತದೆ ಎಂದು ಅಳೆದರು. ಸಾಣೆ ಅವರು ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೀಟ ಹಾರಾಟದ ಪ್ರಯೋಗಾಲಯ ಕಟ್ಟಿದರು. ಜೇನಿಗೇ ಮೀಸಲಾದ ಅಳತೆ ಬಂದದ್ದು 2005ರಲ್ಲಿ, ಆಲ್ಟ್‌ಷುಲರ್ ಮತ್ತು ಡಿಕಿನ್‌ಸನ್ ಅವರ ತಂಡದಿಂದ. ಮೇಲಿನ 90 ಡಿಗ್ರಿ, 230 ಬೀಸು ಅದರದ್ದೇ.

ಕೀಟಪಾಠ

ಇದಕ್ಕೆ ಒಂದು ಸೇರಿಸಬೇಕು. ಆ 90 ಡಿಗ್ರಿಯೇ ಜೇನಿನ ವಿಶೇಷ. ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ಹಣ್ಣುನೊಣ ಸುಮಾರು 1 ಮಿಲಿಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 200 ಸಲ ಬೀಸುತ್ತದೆ, ಆದರೆ ಬಹಳ ಅಗಲವಾಗಿ. ಗಾತ್ರ ಹೆಚ್ಚಿದಂತೆ ಬೀಸು ನಿಧಾನ ಆಗಬೇಕು ಎಂಬುದು ಸಾಮಾನ್ಯ ಲೆಕ್ಕ. ಜೇನುನೊಣ ಹೆಚ್ಚು ಕಡಿಮೆ ನೂರು ಪಟ್ಟು ತೂಕ ಇದ್ದೂ ಅದಕ್ಕಿಂತ ಬೇಗ ಬೀಸುತ್ತದೆ, ಗಿಡ್ಡವಾಗಿ. ಇದು ದುಬಾರಿ ಹಾರಾಟ. ಆದರೆ ಲಾಭವೂ ಇದೆ: ಖಾಲಿ ಹೊಟ್ಟೆಯಲ್ಲಿ 90 ಡಿಗ್ರಿ ಸಾಕಾದರೆ, ಹೊರೆ ಬಂದಾಗ ಅಗಲಿಸಲು ಜಾಗ ಉಳಿದಿರುತ್ತದೆ. ಬಲವು ಅಗಲದ ವರ್ಗಕ್ಕೆ ಅನುಗುಣ. 40 ಮಿಲಿಗ್ರಾಂ ಮಕರಂದ ತುಂಬಿದ ನೊಣಕ್ಕೆ 1.4 ಪಟ್ಟು ಬಲ ಬೇಕು, ಅದಕ್ಕೆ ಬೀಸನ್ನು 106 ಡಿಗ್ರಿಗೆ ಅಗಲಿಸಿದರೆ ಸಾಕು. ಅದೇ 2005ರ ತಂಡ ಗಾಳಿಯ ಬದಲು ಹೀಲಿಯಂ ಮತ್ತು ಆಮ್ಲಜನಕದ ತೆಳು ಮಿಶ್ರಣದಲ್ಲಿ ನೊಣಗಳನ್ನು ಹಾರಿಸಿದಾಗ ಬೀಸು 130 ಡಿಗ್ರಿ ದಾಟಿತು, ಎಣಿಕೆ ಮಾತ್ರ ಅಲ್ಲಾಡಲಿಲ್ಲ.

ಎಣಿಕೆ ಏಕೆ ಅಲ್ಲಾಡುವುದಿಲ್ಲ ಅಂದರೆ ಅದನ್ನು ನಿರ್ಧರಿಸುವುದು ಮಿದುಳಲ್ಲ, ಎದೆಯ ಡಬ್ಬಿ. ಹಾರುವ ಮುಖ್ಯ ಸ್ನಾಯುಗಳು ರೆಕ್ಕೆಗೆ ನೇರ ಅಂಟಿಯೇ ಇಲ್ಲ. ಎದೆಭಾಗವನ್ನು ಮುಚ್ಚಳ ಇರುವ ಗಟ್ಟಿ ಡಬ್ಬಿ ಎಂದುಕೊಳ್ಳಿ. ಮುಚ್ಚಳ ಮತ್ತು ಪಕ್ಕದ ಗೋಡೆ ಸೇರುವಲ್ಲಿ ರೆಕ್ಕೆಯ ಬುಡ ಕೂತಿದೆ, ಏತದ ಕೋಲು ಕಂಬದ ಮೇಲೆ ಕೂತ ಹಾಗೆ. ಮೇಲಿಂದ ಕೆಳಕ್ಕೆ ಇರುವ ಸ್ನಾಯು ಸೆಟೆದರೆ ಮುಚ್ಚಳ ತಗ್ಗುತ್ತದೆ, ರೆಕ್ಕೆ ಏಳುತ್ತದೆ. ಹಿಂದಿನಿಂದ ಮುಂದಕ್ಕೆ ಇರುವ ಸ್ನಾಯು ಸೆಟೆದರೆ ಮುಚ್ಚಳ ಉಬ್ಬುತ್ತದೆ, ರೆಕ್ಕೆ ಇಳಿಯುತ್ತದೆ. ಒಂದು ಸೆಟೆದಾಗ ಇನ್ನೊಂದು ಎಳೆತಕ್ಕೆ ಸಿಗುತ್ತದೆ, ಆ ಎಳೆತವೇ ಅದನ್ನು ಕೆರಳಿಸಿ ಸೆಟೆಸುತ್ತದೆ. ನರದಿಂದ ಪ್ರತಿ ಬೀಸಿಗೆ ಒಂದೊಂದು ಆಜ್ಞೆ ಬರುವುದಿಲ್ಲ, ಅಷ್ಟು ಬೇಗ ಕಳಿಸಿದರೆ ಸ್ನಾಯು ಸಡಿಲುವುದಕ್ಕೇ ಸಮಯ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬರುವ ನರಸಂದೇಶ ‘ಚಾಲೂ ಇರು’ ಎಂದಷ್ಟೇ ಹೇಳುತ್ತದೆ, ಉಯ್ಯಾಲೆಗೆ ಆಗಾಗ ಒಂದು ನೂಕು ಕೊಟ್ಟ ಹಾಗೆ. ಉಯ್ಯಾಲೆಯ ಲಯ ಹಗ್ಗದ ಉದ್ದದ್ದು, ನೂಕುವವನದ್ದಲ್ಲ. ಇಲ್ಲಿ ಹಗ್ಗದ ಉದ್ದದ ಜಾಗದಲ್ಲಿ ರೆಕ್ಕೆಯ ಭಾರ, ಡಬ್ಬಿಯ ಬಿಗಿ. ರೆಕ್ಕೆಯ ತುದಿ ಕತ್ತರಿಸಿದರೆ ಭಾರ ಇಳಿದು ಎಣಿಕೆ ಏರುತ್ತದೆ, ಇದನ್ನು ಸ್ವರದಲ್ಲೇ ಕೇಳಬಹುದು.

ತಿರುಗುವುದು, ವಾಲುವುದು ಬೇರೆ ಸಣ್ಣ ಸ್ನಾಯುಗಳ ಕೆಲಸ. ಅವು ರೆಕ್ಕೆಯ ಬುಡಕ್ಕೆ ನೇರ ಅಂಟಿಕೊಂಡಿವೆ. ಎಡ ಬೀಸನ್ನು ಬಲಕ್ಕಿಂತ ಸ್ವಲ್ಪ ಅಗಲ ಮಾಡಿದರೂ ನೊಣ ಬಲಕ್ಕೆ ವಾಲುತ್ತದೆ.

ಶ್ರುತಿಪೆಟ್ಟಿಗೆ

ಸ್ವರದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಸೆಕೆಂಡಿಗೆ 230 ಅಂದರೆ ಸಂಗೀತದವರ ಆರೂವರೆ ಶ್ರುತಿಯ ಹತ್ತಿರ, ಕೆಳಗಿನ ಸ್ಥಾಯಿಯದ್ದು. ನಮ್ಮ ತುಡುವೆಗೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿಗೆ, ಸುಮಾರು 300 ಎಂದು ಭಾರತದಲ್ಲೇ ಮಾಡಿದ ಅಳತೆಗಳಿವೆ, ಅದು ಎರಡು, ಎರಡೂವರೆಯ ನಡುವೆ ಬೀಳುತ್ತದೆ. ಎರಡೂ ಪೆಟ್ಟಿಗೆ ಅಕ್ಕಪಕ್ಕ ಇದ್ದರೆ ಕಣ್ಣು ಮುಚ್ಚಿಯೂ ಗುರುತಿಸಬಹುದು.

ಅಳೆಯುವುದಕ್ಕೆ ಫೋನು ಸಾಕು. ಧ್ವನಿಯ ಆವರ್ತನವನ್ನು ಗೀಟು ಗೀಟಾಗಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಗಾಳಿ ಇಲ್ಲದ ಬೆಳಗ್ಗೆ, ಬಾಗಿಲಿನಿಂದ ಒಂದು ಮೊಳ ದೂರ, ಹಾರುವ ದಾರಿಯ ಪಕ್ಕದಲ್ಲಿ ಹಿಡಿಯಿರಿ, ದಾರಿಗೆ ಅಡ್ಡ ಬೇಡ. 200ರಿಂದ 350ರ ನಡುವೆ ಏಳುವ ಮೊದಲ ದೊಡ್ಡ ಗೀಟೇ ಬೀಸಿನ ಎಣಿಕೆ. ಅದರ ಎರಡರಷ್ಟು, ಮೂರರಷ್ಟು ಜಾಗದಲ್ಲಿ ಇನ್ನೂ ಗೀಟುಗಳು ಕಾಣುತ್ತವೆ, ಅವನ್ನು ಬಿಡಿ. ಬಾಗಿಲಲ್ಲಿ ಕೂತು ಗಾಳಿ ಬೀಸುವ ನೊಣಗಳ ಸ್ವರ ಹಾರುವವುಗಳಿಗಿಂತ ಕೆಳಗಿರುತ್ತದೆ, ಅದನ್ನು ಹಾರಾಟದ ಸ್ವರ ಎಂದು ಬರೆದುಕೊಂಡರೆ ಲೆಕ್ಕ ಕೆಡುತ್ತದೆ.

ಹೊಸಪೆಟ್ಟಿಗೆ

ಫೋನಿನ ಸ್ಲೋ ಮೋಷನ್‌ನಲ್ಲಿ ರೆಕ್ಕೆ ಬೀಸುವುದನ್ನು ನೋಡಬಹುದೆ? ಮಕ್ಕಳಿಗೆ ತೋರಿಸಲು.

ವಾಯುಲೆಕ್ಕ

ನೋಡಬಹುದು, ಆದರೆ ಕಂಡದ್ದನ್ನು ನಂಬಬೇಡಿ. ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ, ಮೆಲ್ಲಿಫೆರಾ 230 ಸಲ ಬೀಸುತ್ತದೆ. ಪ್ರತಿ ಚಿತ್ರದಲ್ಲೂ ರೆಕ್ಕೆ ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಸ್ವಲ್ಪ ಹಿಂದೆ ಸಿಗುತ್ತದೆ. ಸೆಕೆಂಡಿಗೆ ಹತ್ತು ಸಲ ಉಲ್ಟಾ ಬೀಸಿದಂತೆ ಕಾಣುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ. ಒಂದು ಬೀಸನ್ನು ಹತ್ತು ತುಂಡಾಗಿ ನೋಡಲು ಸೆಕೆಂಡಿಗೆ 2,300 ಚಿತ್ರ ಬೇಕು. ಫೋನಿನಲ್ಲಿ ಬಿಸಿಲಿಗೆ ಎದುರಾಗಿ ತೆಗೆದರೆ ಶಟರ್ ವೇಗ ಹೆಚ್ಚಿ ರೆಕ್ಕೆ ಸ್ವಲ್ಪ ಸ್ಪಷ್ಟ ಆಗುತ್ತದೆ, ಬೀಸಿನ ಅಗಲವನ್ನಷ್ಟೇ ಅಂದಾಜು ಮಾಡಬಹುದು.

ಮಲೆನಾಡತುಡುವೆ

ಈಗ ತೆವಳುವ ನೊಣಕ್ಕೆ ಬರೋಣ. ಮೇಲೆ ಹೇಳಿದ್ದರಲ್ಲಿ ಎಲ್ಲಿ ಕೈಕೊಟ್ಟರೂ ನೊಣ ನೆಲಕ್ಕೆ ಬೀಳುತ್ತದೆ: ರೆಕ್ಕೆಯ ವಿಸ್ತೀರ್ಣ, ಎರಡು ರೆಕ್ಕೆಯ ಜೋಡಣೆ, ಸ್ನಾಯುವಿನ ಬಿಸಿ, ಸಕ್ಕರೆ. ಬಿದ್ದ ನೊಣದ ಲಕ್ಷಣ ನೋಡಿದರೆ ಯಾವುದು ಎಂದು ಬಹುಪಾಲು ತಿಳಿಯುತ್ತದೆ.

ಮೊದಲು ಸುಲಭದ್ದು. ತೆವಳುವ ಐದಾರು ನೊಣಗಳನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು, ಸಕ್ಕರೆ ಮತ್ತು ನೀರು ಸಮಸಮ ಕಲಸಿದ ಒಂದು ಹನಿಯನ್ನು ಮುಂದಿಟ್ಟು, ಪೊಟ್ಟಣವನ್ನು ಮುಷ್ಟಿಯಲ್ಲಿ ಬೆಚ್ಚಗೆ ಹತ್ತು ನಿಮಿಷ ಇಟ್ಟುಕೊಳ್ಳಿ. ತೆರೆದ ಕೂಡಲೇ ಹಾರಿದರೆ ರೋಗ ಅಲ್ಲ, ಚಳಿ ಅಥವಾ ಹಸಿವು. ಎದೆಭಾಗ ಸುಮಾರು 30 ಡಿಗ್ರಿ ತಲುಪದೆ ನೊಣ ಏಳಲಾರದು. ಬೆಳಗ್ಗೆ ನಿಂತಲ್ಲೇ ನಿಂತು ಹೊಟ್ಟೆ ಮಾತ್ರ ಏರಿಳಿಸುವ ನೊಣ ಕಂಡರೆ ಅದು ಬಿಸಿಯಾಗುತ್ತಿದೆ: ರೆಕ್ಕೆ ಅಲ್ಲಾಡಿಸದೆ ಎರಡೂ ಸ್ನಾಯುಗಳನ್ನು ಒಟ್ಟಿಗೆ ಸೆಟೆಸಿ ನಡುಗುತ್ತದೆ. ಮೈ 10 ಡಿಗ್ರಿಯ ಸುತ್ತಮುತ್ತ ಇಳಿದರೆ ನಡುಗಲೂ ಆಗದೆ ಮರಗಟ್ಟುತ್ತದೆ. ಆದ್ದರಿಂದಲೇ ಮಂಜು ಕವಿದ ಬೆಳಗ್ಗೆ ಪೆಟ್ಟಿಗೆ ತೆರೆದು ಎರಿ (ಮೇಣದ ಹಲ್ಲೆ) ಕೊಡವಬಾರದು. ಒದ್ದೆ ಹುಲ್ಲಿಗೆ ಬಿದ್ದದ್ದು ಮೇಲೆ ಬರುವುದಿಲ್ಲ.

ಬೆಚ್ಚಗಾದರೂ ಹಾರದಿದ್ದರೆ ಭೂತಗನ್ನಡಿ ಹಿಡಿದು ರೆಕ್ಕೆ ನೋಡಿ. ಸುರುಟಿಕೊಂಡ ಮೊಟುಕು ರೆಕ್ಕೆ ಇದ್ದರೆ ರೆಕ್ಕೆ ವಿಕಾರಗೊಳಿಸುವ ವೈರಸ್ಸು. ಮೆಲ್ಲಿಫೆರಾದಲ್ಲಿ ಅದನ್ನು ಹೊತ್ತು ತರುವುದು ವರೋವಾ ನುಸಿ, ಮರಿ ಇರುವ ಕೋಶದಲ್ಲೇ ಕಚ್ಚುತ್ತದೆ. ತುಡುವೆಯಲ್ಲಿ ಆ ನುಸಿ ಹೆಚ್ಚಾಗಿ ಗಂಡುನೊಣದ ಮರಿಯಲ್ಲೇ ಬೆಳೆಯುವುದರಿಂದ ಕಾಟ ಕಡಿಮೆ. ಆ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ, ನೊಣ ಉಳಿಯುವುದಿಲ್ಲ. ನೋಡಬೇಕಾದದ್ದು ಪೆಟ್ಟಿಗೆಯಲ್ಲಿ ನುಸಿ ಎಷ್ಟಿದೆ ಎಂದು.

ರೆಕ್ಕೆ ಪೂರ್ತಿ ಇದೆ, ಆದರೆ ಮುಂದಿನ ಮತ್ತು ಹಿಂದಿನ ರೆಕ್ಕೆ ಬೇರೆ ಬೇರೆ ದಿಕ್ಕಿಗೆ ಚಾಚಿ ನಿಂತಿವೆ ಅಂದರೆ ಅವೆರಡನ್ನು ಜೋಡಿಸುವ ಕೊಕ್ಕೆ ಬಿಚ್ಚಿದೆ. ಇದರ ವಿವರ ಕೆಳಗೆ ಬರುತ್ತದೆ. ಉಸಿರುನಾಳದ ನುಸಿ ಇದ್ದಾಗ ಹೀಗಾಗುತ್ತದೆ ಎಂದು ಪಾಠಗಳಲ್ಲಿ ಇದೆ. ಆದರೆ ಬೇರೆ ಕಾಯಿಲೆಯಲ್ಲೂ ಆಗುವುದರಿಂದ ಬರೀ ರೆಕ್ಕೆ ನೋಡಿ ತೀರ್ಮಾನ ಬೇಡ.

ಹೊಟ್ಟೆ ಉಬ್ಬಿ, ಬಾಗಿಲ ಹಲಗೆಯ ಮೇಲೆ ಕಂದು ಹಿಕ್ಕೆಯ ಗೆರೆಗಳಿದ್ದರೆ ನೊಸೀಮಾ ಎಂಬ ಕರುಳಿನ ರೋಗದ ಶಂಕೆ. ಆಗಷ್ಟೇ ಸತ್ತ ನೊಣದ ತಲೆ ತೆಗೆದು, ಹೊಟ್ಟೆಯ ಕೊನೆಯ ಉಂಗುರವನ್ನು ಚಿಮಟಿಗೆಯಲ್ಲಿ ನಿಧಾನ ಎಳೆದರೆ ಕರುಳು ಹೊರಬರುತ್ತದೆ. ನಡುಕರುಳು ಕಂದುಬಣ್ಣ, ಬಳೆಬಳೆಯಾಗಿದ್ದರೆ ಆರೋಗ್ಯ. ಬಿಳಚಿ ಊದಿ ಬಳೆ ಅಳಿಸಿದ್ದರೆ ಅನುಮಾನ ಗಟ್ಟಿ. ಖಚಿತ ಮಾಡಲು 400 ಪಟ್ಟಿನ ಸೂಕ್ಷ್ಮದರ್ಶಕ ಬೇಕೇ ಬೇಕು.

ನಾಲಿಗೆ ಚಾಚಿಕೊಂಡು, ಗಿರಗಿರ ಸುತ್ತುತ್ತಾ, ಒಂದೇ ದಿನ ನೂರಾರು ಬಿದ್ದರೆ ವಿಷ. ಯಾರ ತೋಟದಲ್ಲಿ, ಯಾವ ಔಷಧಿ, ಯಾವ ಹೊತ್ತಿಗೆ ಹೊಡೆದರು ಎಂದು ಅದೇ ದಿನ ವಿಚಾರಿಸಿ. ಹೂ ಬಿಟ್ಟ ಬೆಳೆಗೆ ಹಗಲು ಹೊಡೆಯದೆ, ನೊಣ ಮನೆ ಸೇರಿದ ಮೇಲೆ ಸಂಜೆ ಹೊಡೆಯಲು ಅಕ್ಕಪಕ್ಕದವರನ್ನು ಒಪ್ಪಿಸುವುದೇ ಇದಕ್ಕೆ ದಾರಿ.

ರೆಕ್ಕೆಯ ಅಂಚು ಹಳೇ ಬಾಳೆಲೆಯಂತೆ ಹರಿದಿದ್ದು, ಬೆನ್ನಿನ ರೋಮ ಉದುರಿ ಮಿರಿಮಿರಿ ಕಪ್ಪಾಗಿದ್ದರೆ ವಯಸ್ಸು. ಹೊರಗೆ ದುಡಿಯಲು ಶುರು ಮಾಡಿದ ಮೇಲೆ ಎರಡು ಮೂರು ವಾರವಷ್ಟೇ ಆಯುಸ್ಸು, ಮೆಲ್ಲಿಫೆರಾ ಅಷ್ಟರಲ್ಲಿ ಸುಮಾರು 800 ಕಿ.ಮೀ. ಹಾರುತ್ತದೆ ಎಂದು ಅಂದಾಜು. ಎಲೆ ಮುಳ್ಳಿಗೆ ತಾಗಿ ಹರಿದ ರೆಕ್ಕೆ ಮತ್ತೆ ಬೆಳೆಯುವುದಿಲ್ಲ. ವಿಸ್ತೀರ್ಣ ಕಡಿಮೆಯಾದಷ್ಟೂ ಅಗಲ ಬೀಸಬೇಕು, ಹೊರೆಗೆ ಉಳಿಯುವ ಜಾಗ ಅಷ್ಟೇ ಕಡಿಮೆ. ದಿನಕ್ಕೆ ಇಂಥವು ಕೆಲವು ಬೀಳುವುದು ಸಹಜ, ಚಿಂತೆ ಬೇಡ. ಬೂದುಬಣ್ಣದ, ಮೈತುಂಬ ರೋಮದ ಎಳೆ ನೊಣ ಹೊರಗೆ ಬಿದ್ದಿದ್ದರೆ ಅದು ಇನ್ನೂ ಹಾರಲು ಕಲಿಯದ್ದು, ಎತ್ತಿ ಬಾಗಿಲಲ್ಲಿ ಬಿಡಿ.

ಕೀಟಪಾಠ

ಕೊಕ್ಕೆ ತೋರಿಸುವ ಪಾಠ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅದನ್ನು ಮಾಡುವ ಬಗೆ ನಾನೇ ಬರೆಯಲೇ, ಮಲೆನಾಡ ಅಣ್ಣ?

ಒಣಗಿದ ಸತ್ತ ನೊಣದ ರೆಕ್ಕೆ ಎಳೆದರೆ ಲಟಕ್ಕನೆ ಮುರಿಯುತ್ತದೆ. ಒದ್ದೆ ಹತ್ತಿ ಹಾಕಿದ ಮುಚ್ಚಳದ ಡಬ್ಬಿಯಲ್ಲಿ, ನೀರು ನೇರ ತಾಗದಂತೆ, ಒಂದು ರಾತ್ರಿ ಇಡಿ. ಬೆಳಗ್ಗೆ ಕೀಲು ಮೆತ್ತಗಾಗಿರುತ್ತದೆ. ಥರ್ಮೋಕೋಲ್ ಮೇಲೆ ಎದೆಭಾಗಕ್ಕೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿ. ಮುಂದಿನ ರೆಕ್ಕೆಯನ್ನು ಸೂಜಿಯಿಂದ ಮುಂದಕ್ಕೆ ತಳ್ಳಿದರೆ ಹಿಂದಿನದೂ ಹಿಂಬಾಲಿಸುತ್ತದೆ. ಅಲ್ಲೇ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ: ಹಿಂದಿನ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಸಣ್ಣ ಕೊಕ್ಕೆಗಳು, ಮುಂದಿನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅವು ಕೂರುವ ಒಂದು ಮಡಿಕೆ. ಮೆಲ್ಲಿಫೆರಾದಲ್ಲಿ ಸುಮಾರು 20 ಕೊಕ್ಕೆ, ತುಡುವೆಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಹಾರುವಾಗ ನಾಲ್ಕು ರೆಕ್ಕೆ ಎರಡಾಗುತ್ತದೆ, ಗೂಡಿನೊಳಗೆ ನುಗ್ಗುವಾಗ ಕೊಕ್ಕೆ ಬಿಚ್ಚಿ ಒಂದರ ಮೇಲೊಂದು ಮಡಚಿಕೊಳ್ಳುತ್ತದೆ. ಕೊಕ್ಕೆ ಕೂರದಿದ್ದರೆ ಎರಡು ರೆಕ್ಕೆಯ ನಡುವಿನ ಸಂದಿನಲ್ಲಿ ಗಾಳಿ ಸೋರುತ್ತದೆ, ಸುಳಿ ಕಟ್ಟುವುದಿಲ್ಲ.

ಬಯಲುಸೀಮೆ

ಚಳಿಯ ಬಗ್ಗೆ ಬರೆದಿರಿ, ನಮ್ಮ ರಾಯಚೂರು, ಕಲಬುರಗಿ ಕಡೆ ಸಮಸ್ಯೆ ಉಲ್ಟಾ ಇದೆ. ಸ್ನಾಯುವಿಗೆ ಹಾಕಿದ ಸಕ್ಕರೆಯ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಹೊರಗೆ 42 ಡಿಗ್ರಿ ಇರುವಾಗ ಎದೆಯ ಬಿಸಿ ಎಲ್ಲಿಗೆ ಹೋಗಬೇಕು? ನೊಣ ಹೊಟ್ಟೆಯ ಮಕರಂದದ ಒಂದು ಹನಿಯನ್ನು ನಾಲಿಗೆಗೆ ತಂದು ಆರಲು ಬಿಡುತ್ತದೆ, ತಲೆ ತಂಪಾಗುತ್ತದೆ, ತಲೆಯ ಮೂಲಕ ಎದೆಯೂ. ಬೆರ್ನ್ಡ್ ಹೈನ್‌ರಿಕ್ ಎಂಬ ಕೀಟವಿಜ್ಞಾನಿ ಇದನ್ನು ಅಳೆದು, 46 ಡಿಗ್ರಿಯ ಗಾಳಿಯಲ್ಲೂ ಜೇನು ಹಾರಬಲ್ಲದು ಎಂದು ತೋರಿಸಿದರು. ಬಿಸಿ ಏರಿದಂತೆ ನೊಣ ಬೀಸಿನ ಎಣಿಕೆಯನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಹಾರಬಲ್ಲದು ಅಂದರೆ ದುಡಿಯುತ್ತದೆ ಎಂದಲ್ಲ. ಆ ಹೊತ್ತಿಗೆ ಬಹಳಷ್ಟು ನೊಣ ನೀರು ಹೊರುವುದರಲ್ಲೇ ಇರುತ್ತವೆ. ಪೆಟ್ಟಿಗೆಗೆ ಮಧ್ಯಾಹ್ನದ ನೆರಳು, ಹತ್ತಿರದಲ್ಲೇ ನೀರು, ಇವೆರಡು ಇಲ್ಲದೆ ಬೇಸಿಗೆ ದಾಟಿಸುವುದು ಕಷ್ಟ.

ಸಕ್ಕರೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೆಲ್ಲಿಫೆರಾ ಒಂದು ಗಂಟೆ ಹಾರಲು ಸುಮಾರು 10 ಮಿಲಿಗ್ರಾಂ ಸಕ್ಕರೆ ಸುಡುತ್ತದೆ. ಗಂಟೆಗೆ 24 ಕಿ.ಮೀ. ಹಿಡಿದರೆ ಕಿ.ಮೀ.ಗೆ 0.4 ಮಿಲಿಗ್ರಾಂ. ಶೇ. 40 ಸಕ್ಕರೆ ಇರುವ 30 ಮಿಲಿಗ್ರಾಂ ಮಕರಂದ ತಂದರೆ ಒಳಗೆ 12 ಮಿಲಿಗ್ರಾಂ ಸಕ್ಕರೆ. ಹೂವು 1 ಕಿ.ಮೀ. ದೂರ ಇದ್ದರೆ ಹೋಗಿಬರುವ ಖರ್ಚು 0.8. ಅದೇ 5 ಕಿ.ಮೀ. ಆದರೆ 4, ತಂದದ್ದರ ಮೂರನೇ ಒಂದು ಪಾಲು ದಾರಿಯಲ್ಲೇ ಮುಗಿಯಿತು. ಮಕರಂದ ನೀರುನೀರಾಗಿ ಶೇ. 15 ಇದ್ದರೆ ಆ ದೂರಕ್ಕೆ ಗಿಟ್ಟುವುದೇ ಇಲ್ಲ. ತುಡುವೆ ಚಿಕ್ಕದು, ಹೆಚ್ಚಾಗಿ ಒಂದು ಕಿ.ಮೀ. ಒಳಗೇ ದುಡಿಯುತ್ತದೆ. ಹೆಜ್ಜೇನು ಅದಕ್ಕಿಂತ ಬಹಳ ದೂರ ಹೋಗುತ್ತದೆ. ಪೆಟ್ಟಿಗೆ ಇಡುವ ಜಾಗ ಆರಿಸುವಾಗ ಸುತ್ತಲಿನ ಒಂದು ಕಿ.ಮೀ. ನಡೆದು ನೋಡಿ, ನಕ್ಷೆ ನೋಡಿ ಆರಿಸಬೇಡಿ.

ಮಲೆನಾಡತುಡುವೆ

ನೀರಿನ ಬಗ್ಗೆ ಒಂದು ಎಚ್ಚರಿಕೆ. ಬರೀ ಬಕೆಟ್ಟಿನಲ್ಲಿ ನೀರು ಇಟ್ಟರೆ ಮುಳುಗಿ ಸಾಯುತ್ತವೆ. ಅಗಲದ ಮಣ್ಣಿನ ತಟ್ಟೆ, ಒಳಗೆ ಬೆಣಚುಕಲ್ಲು ಅಥವಾ ತೆಂಗಿನ ಸಿಪ್ಪೆ, ನೀರು ಅವುಗಳ ತಲೆ ಮುಳುಗದಷ್ಟು.

ವಾಯುಲೆಕ್ಕ

ನೀರಿಗೆ ಬಿದ್ದ ನೊಣ ಏಕೆ ಏಳಲಾರದು ಎಂದು 2019ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯವರು ಅಳೆದಿದ್ದಾರೆ. ರೆಕ್ಕೆಯ ಅಡಿಭಾಗ ನೀರಿಗೆ ಅಂಟಿಕೊಳ್ಳುತ್ತದೆ, ಮೇಲ್ಭಾಗ ಒಣಗಿಯೇ ಇರುತ್ತದೆ. ರೆಕ್ಕೆ ನೀರನ್ನು ಹಿಂದಕ್ಕೆ ಎಳೆದು ಅಲೆ ಎಬ್ಬಿಸುತ್ತದೆ, ಆ ಅಲೆಯಿಂದ ನೊಣ ಮುಂದೆ ಸಾಗುತ್ತದೆ, ಮೇಲೆ ಮಾತ್ರ ಏಳಲಾರದು. ಹಾಗೆ ಸುಮಾರು ಹತ್ತು ನಿಮಿಷ ಈಜಬಲ್ಲದು. ಅಷ್ಟರಲ್ಲಿ ಹತ್ತಲು ಒಂದು ಕಲ್ಲೋ ಕಡ್ಡಿಯೋ ಸಿಗಬೇಕು, ಆ ಸಿಪ್ಪೆಯ ಉಪಯೋಗ ಅದೇ.

ನಿಶ್ಚಲ ನೀರಿನ ಮೇಲೆ ಹಾರುವುದೇ ಅಪಾಯ ಎಂಬುದೂ ಗೊತ್ತಿರಲಿ. 1963ರಲ್ಲಿ ಹೆರಾನ್ ಮತ್ತು ಲಿಂಡಾವರ್ ಎಂಬ ವಿಜ್ಞಾನಿಗಳು ಸರೋವರದ ಮೇಲೆ ಜೇನುಗಳನ್ನು ಹಾರಿಸಿ ನೋಡಿದರು. ಕನ್ನಡಿಯಂಥ ನೀರಿನ ಮೇಲೆ ನೊಣಗಳು ತಗ್ಗುತ್ತಾ ತಗ್ಗುತ್ತಾ ನೀರಿಗೇ ಬಿದ್ದವು, ಅಲೆ ಇದ್ದಾಗ ಬೀಳಲಿಲ್ಲ. ಕೆಳಗಿನ ನೆಲ ಎಷ್ಟು ಬೇಗ ಹಿಂದೆ ಸರಿಯುತ್ತದೆ ಎಂಬುದನ್ನು ನೋಡಿ ನೊಣ ಎತ್ತರ ಮತ್ತು ವೇಗ ಕಾಯುತ್ತದೆ. ಏನೂ ಸರಿಯದಿದ್ದರೆ ಲೆಕ್ಕವೇ ಇಲ್ಲ.

ಕೀಟಪಾಠ

ಇದನ್ನು ಬಿಡಿಸಿದವರಲ್ಲಿ ಮುಖ್ಯರು ಮಂಡ್ಯಂ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದಿ, ಮುಂದೆ ಆಸ್ಟ್ರೇಲಿಯಾದಲ್ಲಿ ಜೇನಿನ ಕಣ್ಣಿನ ಮೇಲೆ ಕೆಲಸ ಮಾಡಿದರು, 2006ರಲ್ಲಿ ಅಲ್ಲಿನ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಪಡೆದರು. ಇಳಿಯುವಾಗ ನೊಣ ಪಾಲಿಸುವುದು ಒಂದೇ ನಿಯಮ: ಕಣ್ಣಿನಲ್ಲಿ ನೆಲ ಸರಿಯುವ ವೇಗ ಬದಲಾಗಬಾರದು. ನೆಲ ಹತ್ತಿರವಾದಷ್ಟೂ ಅದು ಬೇಗ ಸರಿದಂತೆ ಕಾಣುತ್ತದೆ, ಹಾಗಾಗಿ ನೊಣ ವೇಗ ಇಳಿಸುತ್ತಾ ಬರುತ್ತದೆ, ಮುಟ್ಟುವ ಹೊತ್ತಿಗೆ ವೇಗ ಸೊನ್ನೆಯ ಹತ್ತಿರ. ಎತ್ತರ ಎಷ್ಟು, ವೇಗ ಎಷ್ಟು ಎಂದು ಬೇರೆ ಬೇರೆ ತಿಳಿಯುವ ಅಗತ್ಯವೇ ಇಲ್ಲ.

ದೂರ ಅಳೆಯುವುದೂ ಹೀಗೆಯೇ. ಹೂವು ಎಷ್ಟು ದೂರ ಎಂದು ನೊಣ ಗೂಡಿನಲ್ಲಿ ಕುಣಿದು ಉಳಿದವಕ್ಕೆ ತಿಳಿಸುತ್ತದೆ. 2000ದಲ್ಲಿ ಅವರ ತಂಡ ಗೂಡಿನ ಹತ್ತಿರ ಸುಮಾರು 6 ಮೀಟರ್ ಉದ್ದದ, ಒಳಗೆಲ್ಲ ಚುಕ್ಕೆ ಚಿತ್ತಾರ ಇರುವ ಕಿರಿದಾದ ಸುರಂಗದಲ್ಲಿ ನೊಣಗಳನ್ನು ಹಾರಿಸಿತು. ಗೋಡೆ ಕಣ್ಣಿಗೆ ಹತ್ತಿರ ಇದ್ದದ್ದರಿಂದ ಚಿತ್ತಾರ ಬಹಳ ಬೇಗ ಸರಿಯಿತು. ಮನೆಗೆ ಬಂದ ನೊಣ ಸುಮಾರು 200 ಮೀಟರ್ ದೂರ ಹೋಗಿಬಂದಂತೆ ಕುಣಿಯಿತು. ಬೆಂಗಳೂರಿನಲ್ಲಿ ಸಾಣೆ ಮತ್ತು ತರುಣಿ ರಾಯ್ ಖುರಾನಾ 2016ರಲ್ಲಿ ಇನ್ನೊಂದು ತುಂಡು ಸೇರಿಸಿದರು: ಎದುರುಗಾಳಿ ಬಡಿದರೆ ನೊಣ ಮೀಸೆಗಳನ್ನು ಮುಂದಕ್ಕೆ ಚಾಚುತ್ತದೆ, ದೃಶ್ಯ ಬೇಗ ಸರಿದರೆ ಹಿಂದಕ್ಕೆ ಎಳೆಯುತ್ತದೆ. ಗಾಳಿಯ ವೇಗ, ನೆಲದ ವೇಗ ಎರಡೂ ಮೀಸೆಯಲ್ಲಿ ಸೇರುತ್ತವೆ.

ಹೊಸಪೆಟ್ಟಿಗೆ

ಇಷ್ಟೆಲ್ಲ ಒಂದೇ ಕಡೆ ಸಿಕ್ಕಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಪಾಲಾಗುವುದನ್ನು, ಅಂದರೆ ರಾಣಿಯ ಜೊತೆ ಅರ್ಧ ಸಂಸಾರ ಹಾರಿಹೋಗುವುದನ್ನು, ತಡೆಯಲು ರಾಣಿಯ ರೆಕ್ಕೆ ಕತ್ತರಿಸುತ್ತಾರಲ್ಲ, ಎಷ್ಟು ಕತ್ತರಿಸಬೇಕು? ಮತ್ತೆ ಬಾಗಿಲಲ್ಲಿ ಕೂತು ಬೀಸುವ ನೊಣಗಳು ಕೆಲವು ಪೆಟ್ಟಿಗೆಯಲ್ಲಿ ಒಳಮುಖ, ಕೆಲವದರಲ್ಲಿ ಹೊರಮುಖ ಇರುವುದೇಕೆ?

ಮಲೆನಾಡತುಡುವೆ

ಒಂದು ಬದಿಯ ಮುಂದಿನ ರೆಕ್ಕೆಯ ಮೂರನೇ ಒಂದು ಭಾಗ ಸಾಕು. ಎರಡೂ ಬದಿ ಸಮ ಕತ್ತರಿಸಿದರೆ ಎಡಬಲ ತೂಗಿ ಅಷ್ಟಿಷ್ಟು ಹಾರಬಹುದು, ಒಂದೇ ಬದಿ ಆದರೆ ವಾಲಿ ಬೀಳುತ್ತದೆ. ಗಂಡು ಕೂಡಿ ಮೊಟ್ಟೆ ಇಡಲು ಶುರು ಮಾಡಿದ ರಾಣಿಗೆ ಮಾತ್ರ. ಎಳೆ ರಾಣಿಗೆ ಕತ್ತರಿಸಿದರೆ ಅದು ಕೂಡಲು ಹಾರಲಾರದು, ಸಂಸಾರವೇ ಮುಗಿಯುತ್ತದೆ. ಆದರೆ ಕತ್ತರಿಸಿದ್ದರಿಂದ ಪಾಲಾಗುವ ಮನಸ್ಸು ನಿಲ್ಲುವುದಿಲ್ಲ, ರಾಣಿ ಬಾಗಿಲ ಮುಂದೆ ಬಿದ್ದು ಕಳೆದುಹೋಗಬಹುದು. ತುಡುವೆಗೆ ಬಾಗಿಲಲ್ಲಿ ರಾಣಿ ಗೇಟು (ರಾಣಿ ದಾಟಲಾಗದ ತಡೆ) ಹಾಕಿ, ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿ ರಾಣಿಕೋಶ (ಹೊಸ ರಾಣಿ ಬೆಳೆಯುವ ಕೋಶ) ಹುಡುಕಿ ತೆಗೆಯುವುದೇ ವಾಸಿ.

ಒಳಮುಖ, ಹೊರಮುಖ ತಳಿಯ ಗುಣ. ಮೆಲ್ಲಿಫೆರಾ ತಲೆಯನ್ನು ಗೂಡಿನ ಕಡೆ ಮಾಡಿ ಕೂರುತ್ತದೆ, ಒಳಗಿನ ಬಿಸಿಗಾಳಿಯನ್ನು ಹೊರಗೆ ಎಳೆಯುತ್ತದೆ. ತುಡುವೆ ತಲೆಯನ್ನು ಹೊರಗೆ ಮಾಡಿ ಕೂರುತ್ತದೆ, ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ತುಡುವೆ ಪೆಟ್ಟಿಗೆಯ ಮುಂದೆ ಹೊಗೆ ಹಾಕುವಾಗ ಇದು ನೆನಪಿರಲಿ: ಬಾಗಿಲ ಹತ್ತಿರ ಒಂದು ಉಫ್ ಹಾಕಿದರೂ ನೊಣಗಳೇ ಅದನ್ನು ಒಳಗೆ ತುಂಬಿಬಿಡುತ್ತವೆ. ಅಷ್ಟಕ್ಕೇ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ.